ಒಂದೂವರೆ ಅಡಿ ರೆಡಿಮೇಡ್ ಮೀನಿನ ಟ್ಯಾಂಕ್: ಗಾಜಿಗೆ ಫುಲ್ ಮಾರ್ಕ್ಸ್, ಲೈಟಿಗೆ ಸೊನ್ನೆ

ಈ ಟ್ಯಾಂಕಿನ ಲೈಟ್ ಮೇಲಿರುವ ಸಿಟ್ಟನ್ನು ಮೊದಲು ತೀರಿಸಿಕೊಳ್ಳುತ್ತೇನೆ. ಹೊಗಳುವುದು ಏನಿದ್ದರೂ ಆಮೇಲೆ. ಆನ್‌ಲೈನಿನಲ್ಲಿ ಸಿಗುವ, ಹೆಸರೇ ಇಲ್ಲದ ಕಂಪನಿಯ ಟ್ಯಾಂಕ್ ಇದು. ಮೇಲೆ ಪ್ಲಾಸ್ಟಿಕ್ ಮುಚ್ಚಳ, ಮುಚ್ಚಳದೊಳಗೇ ನೀಲಿ-ಬಿಳಿ ಎಲ್‌ಇಡಿ, ಅಲ್ಲೇ ಮೋಟರ್, ಅಲ್ಲೇ ಫಿಲ್ಟರ್. ಅಳತೆ, ವಾಟ್ ಎಲ್ಲ ಡಬ್ಬದ ಮೇಲೇ ಇದೆ, ನೋಡಿರುತ್ತೀರಿ. ಶೋಕೇಸಿಗೆ ಅಂತ ನಾನು ಇದನ್ನು ತಂದದ್ದಲ್ಲ. ಅಂಗಡಿಯಿಂದ ಬಂದ ಹೊಸ ಮೀನನ್ನು ದೊಡ್ಡ ಟ್ಯಾಂಕಿಗೆ ಬಿಡುವ ಮುಂಚೆ ನಾಲ್ಕು ವಾರ ಬೇರೆ ಇಟ್ಟು ನೋಡುವುದಕ್ಕೆ. ಕ್ವಾರಂಟೈನ್ ಟ್ಯಾಂಕ್ ಅಂತ ನಾವೆಲ್ಲ ಕರೆಯುತ್ತೇವಲ್ಲ, ಅದಕ್ಕೆ. ನಮ್ಮಮ್ಮ ಮಾತ್ರ "ಮೀನಿಗೂ ಬಾಣಂತನ ಶುರು ಮಾಡಿದ್ಯೇನೋ?" ಅಂತ ಕೇಳುತ್ತಾರೆ. ಬಳಸಲು ಶುರು ಮಾಡಿ ಎರಡು ವರ್ಷದ ಮೇಲಾಯಿತು.

ಈಗ ಲೈಟ್ ವಿಷಯ. ಇದರ ವಿಮರ್ಶೆಗಳಲ್ಲಿ ಜಾಸ್ತಿ ಹೊಗಳಿಕೆ ಸಿಕ್ಕಿರುವುದು ಆ ನೀಲಿ ಬೆಳಕಿಗೇ. ನಿಯಾನ್ ಟೆಟ್ರಾ ಮೀನನ್ನು ಒಳಗೆ ಬಿಟ್ಟರೆ ಅದರ ನೀಲಿ ಗೆರೆ ಮಿರಮಿರ ಮಿಂಚುತ್ತದೆ, ಫೋಟೋ ಚೆನ್ನಾಗಿ ಬರುತ್ತದೆ, ನಿಜ. ಆದರೆ ನೀಲಿ ಬೆಳಕಿನಲ್ಲಿ ಕೆಂಪು ಕಪ್ಪಾಗಿ ಕಾಣುತ್ತದೆ. ಹೊಸ ಮೀನಿನಲ್ಲಿ ನಾನು ಮೊದಲು ಹುಡುಕುವುದೇ ಕೆಂಪನ್ನು. ರೆಕ್ಕೆಯ ಬುಡದಲ್ಲಿ ರಕ್ತದ ಗೆರೆ ಇದೆಯಾ, ಕಿವಿರು ಉರಿದಂತೆ ಕೆಂಪಾಗಿದೆಯಾ, ಗುದದ ಹತ್ತಿರ ಊದಿದೆಯಾ? ಇದ್ಯಾವುದೂ ಆ ಬೆಳಕಿನಲ್ಲಿ ಗೊತ್ತಾಗುವುದಿಲ್ಲ. ಕಾಯಿಲೆ ಮುಚ್ಚಿಡೋಕೆ ಇದಕ್ಕಿಂತ ಒಳ್ಳೆ ಲೈಟ್ ಬೇಕಾ?

ಬಿಳಿ ಬೆಳಕಿಗೆ ಬದಲಾಯಿಸಿದರೆ ಇನ್ನೊಂದು ತಲೆನೋವು. ನೆತ್ತಿಯ ಮೇಲೆ ನೇರವಾಗಿ, ಕಣ್ಣಿಗೆ ಹೊಡೆಯುವಂತೆ ಬೀಳುತ್ತದೆ. ಆಗಷ್ಟೇ ಬಂದಿರುವ ಮೀನು ಮೊದಲೇ ಗಾಬರಿಯಲ್ಲಿರುತ್ತದೆ. ಬಣ್ಣ ಕಳೆದುಕೊಂಡು, ರೆಕ್ಕೆ ಮುದುಡಿಕೊಂಡು ಮೂಲೆ ಸೇರುತ್ತದೆ. ರೆಕ್ಕೆ ಮುದುಡುವುದು ಕಾಯಿಲೆಯ ಮೊದಲ ಲಕ್ಷಣಗಳಲ್ಲಿ ಒಂದು. ಹೆದರಿಕೆಯ ಲಕ್ಷಣವೂ ಅದೇ. ಎರಡರಲ್ಲಿ ಯಾವುದು ಅಂತ ಹೇಗೆ ಹೇಳುವುದು?

ವೆಲ್ವೆಟ್ ಅಂತ ಒಂದು ಕಾಯಿಲೆ ಇದೆ. ಮೈಮೇಲೆ ಬಿಳಿ ಚುಕ್ಕೆ ಏಳುವ ವೈಟ್ ಸ್ಪಾಟ್ ಬಗ್ಗೆ ಎಲ್ಲರಿಗೂ ಗೊತ್ತು, ಇದರ ಬಗ್ಗೆ ಮಾತು ಕಮ್ಮಿ. ಹೊಂಬಣ್ಣದ, ತುಂಬ ನುಣ್ಣಗಿನ ಪುಡಿ ಮೈಮೇಲೆ ಕೂತಿರುತ್ತದೆ. ಮೇಲಿನಿಂದ ಬೆಳಕು ಬಿದ್ದರೆ ಕಾಣುವುದೇ ಇಲ್ಲ. ರೂಮಿನ ಲೈಟೆಲ್ಲ ಆರಿಸಿ, ಪಕ್ಕದ ಗಾಜಿಗೆ ಓರೆಯಾಗಿ ಟಾರ್ಚ್ ಹಿಡಿದು, ಮುಂದಿನ ಗಾಜಿನಿಂದ ನೋಡಬೇಕು. ಮೀನು ಮೈ ಹೊರಳಿಸಿದಾಗ ಬೆನ್ನಿನ ಮೇಲೆ, ಕಿವಿರಿನ ಹಿಂದೆ ಧೂಳು ಕೂತಂತೆ ಹೊಳೆಯುತ್ತದೆ. ಒಂದು ಸಲ ಕಂಡರೆ ಮತ್ತೆ ಮರೆಯುವುದಿಲ್ಲ. ಈ ಪರಾವಲಂಬಿಗೆ ಗಿಡಗಳ ಹಾಗೆ ಬೆಳಕಿನಿಂದ ಆಹಾರ ತಯಾರಿಸುವ ಶಕ್ತಿಯೂ ಇದೆ. ಅದಕ್ಕೇ ಔಷಧಿಯ ಜೊತೆ ಟ್ಯಾಂಕಿಗೆ ಬಟ್ಟೆ ಮುಚ್ಚಿ ಕತ್ತಲು ಮಾಡಿ ಅನ್ನುತ್ತಾರೆ. ಅಂದರೆ ಈ ಲೈಟ್ ಕಾಯಿಲೆ ಕಂಡುಹಿಡಿಯೋಕೂ ಬರಲಿಲ್ಲ, ವಾಸಿ ಮಾಡೋಕೂ ಬೇಡ. ವೈರ್ ಕಿತ್ತು ಹಾಕಿದೆ. ಈಗ ಮುಚ್ಚಳಕ್ಕೆ ಇರುವುದು ಒಂದೇ ಕೆಲಸ, ಮೀನು ಹಾರದಂತೆ ತಡೆಯುವುದು. ಅದನ್ನು ಚೆನ್ನಾಗಿ ಮಾಡುತ್ತದೆ, ಪಾಪ.

ಫಿಲ್ಟರ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಮೋಟರಿನ ರಭಸಕ್ಕೆ ಗಪ್ಪಿಯ ಬಾಲ ಅಡ್ಡಡ್ಡ ಎಳೆದಾಡುತ್ತದೆ. ಸುಸ್ತಾಗಿ ಮೂಲೆ ಹಿಡಿದದ್ದೋ, ಕಾಯಿಲೆಯಿಂದ ಮೂಲೆ ಹಿಡಿದದ್ದೋ ಗೊತ್ತಾಗುವುದಿಲ್ಲ. ಜೊತೆಗೆ ಬರುವ ಕಾರ್ಟ್ರಿಜ್‌ನಲ್ಲಿ ಕಾರ್ಬನ್ ಇದೆ. ಮೆಥಿಲೀನ್ ಬ್ಲೂ ಆಗಲಿ, ವೈಟ್ ಸ್ಪಾಟ್ ಔಷಧಿಯಾಗಲಿ ಹಾಕಿದರೆ ಮೀನಿಗಿಂತ ಮುಂಚೆ ಕಾರ್ಬನ್ನೇ ಕುಡಿದುಬಿಡುತ್ತದೆ. ಕ್ವಾರಂಟೈನಿಗೆ ಅಂತ ತಗೊಳ್ಳುವವರು ಅದನ್ನು ಮೊದಲು ತೆಗೆದಿಡಿ. ನಾನು ಮೋಟರನ್ನೂ ತೆಗೆದು ಒಂದು ಸ್ಪಾಂಜ್ ಫಿಲ್ಟರ್, ಒಂದು ಸಣ್ಣ ಏರ್ ಪಂಪ್ ಹಾಕಿದ್ದೇನೆ. ಸ್ಪಾಂಜ್ ಸದಾ ದೊಡ್ಡ ಟ್ಯಾಂಕಿನ ಮೂಲೆಯಲ್ಲೇ ಓಡುತ್ತಿರುತ್ತದೆ. ಹೊಸ ಮೀನು ಬರುವ ದಿನ ಎತ್ತಿ ಇದಕ್ಕೆ ಹಾಕುತ್ತೇನೆ. ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಆ ಸ್ಪಾಂಜಿನ ಜೊತೆಗೇ ಬರುತ್ತದೆ. ಆದರೆ ಔಷಧಿ ಕಂಡ ಸ್ಪಾಂಜನ್ನು ವಾಪಸ್ ದೊಡ್ಡ ಟ್ಯಾಂಕಿಗೆ ಹಾಕುವುದಿಲ್ಲ. ಅದು ಬಿಸಾಡುವುದಕ್ಕೇ.

ಇದು ಯಾಕೆ ಮುಖ್ಯ ಅಂದರೆ, 25 ಲೀಟರ್ ನೀರಿನಲ್ಲಿ ಅಮೋನಿಯಾ ಏರಿದರೂ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತದೆ, ಕಿವಿರಿಗೆ ಹುಳ ಬಿದ್ದರೂ ಹಾಗೇ ಮಾಡುತ್ತದೆ. ನನ್ನ ಲೆಕ್ಕ ಸರಳ. ಎಲ್ಲ ಮೀನೂ ಒಟ್ಟಿಗೆ ಮೇಲೆ ಬಂದಿವೆಯಾ? ಹಾಗಾದರೆ ಮೊದಲು ನೀರು ಟೆಸ್ಟ್ ಮಾಡು, ಅರ್ಧ ನೀರು ಬದಲಾಯಿಸು. ಒಂದೇ ಮೀನು ಮೇಲಿದ್ದು ಉಳಿದವು ಆರಾಮಾಗಿದ್ದರೆ ಆ ಮೀನನ್ನು ನೋಡು. ಒಂದು ಕಿವಿರು ಮುಚ್ಚಿಕೊಂಡು ಇನ್ನೊಂದರಲ್ಲೇ ಉಸಿರಾಡುತ್ತಿದ್ದರೆ, ಹೀಟರಿಗೋ ಗಾಜಿಗೋ ಮೈ ಉಜ್ಜುತ್ತಿದ್ದರೆ, ಕಿವಿರಿನ ಹುಳದ ಅನುಮಾನ ಜಾಸ್ತಿ. ಈ ಲೆಕ್ಕ ಪ್ರತಿ ಸಲ ಸರಿ ಬರುತ್ತದೆ ಅಂತಲ್ಲ. ಆದರೆ ಸುಮ್ನೆ ಔಷಧಿ ಸುರಿಯುವುದು ತಪ್ಪುತ್ತದೆ.

ಇಲ್ಲಿವರೆಗೆ ಬೈದದ್ದಾಯಿತು. ಲೈಟ್, ಮೋಟರ್, ಕಾರ್ಟ್ರಿಜ್ ಎಲ್ಲ ತೆಗೆದ ಮೇಲೆ ಉಳಿಯುವುದು ಐದು ಗಾಜು. ಆ ಗಾಜಿನ ಮೇಲೆ ಮಾತ್ರ ನನಗೆ ನಿಜಕ್ಕೂ ಪ್ರೀತಿ ಬಂದಿದೆ. ತುಂಬ ಸ್ವಚ್ಛವಾದ ಗಾಜು, ಹಸಿರು ಛಾಯೆ ಇಲ್ಲವೇ ಇಲ್ಲ ಅನ್ನಬಹುದು. ಮೂಲೆಯಲ್ಲಿ ನೋಟ ಬಾಗುವುದಿಲ್ಲ. ಒಳಗೆ ಕಲ್ಲು ಹಾಕಿಲ್ಲ, ಮರಳು ಹಾಕಿಲ್ಲ. ಟ್ಯಾಂಕಿನ ಕೆಳಗೆ ಬಿಳಿ ಸನ್‌ಬೋರ್ಡ್ ಇಟ್ಟಿದ್ದೇನೆ. ಅಡಗಿಕೊಳ್ಳಲು ಒಂದು ಪಿವಿಸಿ ಪೈಪಿನ ತುಂಡು, ಅಷ್ಟೇ.

ಬೆಳಿಗ್ಗೆ ಎದ್ದು ಕಾಫಿ ಲೋಟ ಹಿಡಿದು ಇದರ ಮುಂದೆ ಕೂರುತ್ತೇನೆ. ಕರ್ಟನ್ ಇನ್ನೂ ತೆಗೆದಿರುವುದಿಲ್ಲ. ಮೊದಲು ಐದು ನಿಮಿಷ ಏನೂ ಮಾಡುವುದಿಲ್ಲ, ಟಾರ್ಚ್ ಕೂಡ ಇಲ್ಲ. ಯಾರು ಎಲ್ಲಿದ್ದಾರೆ ಅಂತ ನೋಡುವುದಷ್ಟೇ. ಗುಂಪಿನಲ್ಲಿರುವ ಮೀನು ಗುಂಪು ಬಿಟ್ಟಿದೆಯಾ, ಗುಳ್ಳೆಯ ಹತ್ತಿರವೇ ನಿಂತಿದೆಯಾ, ತಲೆ ಕೆಳಗಾಗಿದೆಯಾ. ಆಮೇಲೆ ಟಾರ್ಚ್, ಪಕ್ಕದಿಂದ. ಆಮೇಲೆ ಮುಚ್ಚಳ ತೆಗೆದು ಮೇಲಿನಿಂದ ಒಂದು ನೋಟ. ಹೊಟ್ಟೆಯಲ್ಲಿ ನೀರು ತುಂಬಿದ ಮೀನಿನ ಹುರುಪೆ ಎದ್ದು ನಿಂತಿರುವುದು ಪಕ್ಕಕ್ಕಿಂತ ಮೇಲಿನಿಂದ ಬೇಗ ಕಾಣುತ್ತದೆ. ಕೊನೆಗೆ ನಾಲ್ಕು ಕಾಳು ತಿಂಡಿ. ತಿಂದು ನುಂಗುತ್ತದಾ, ಬಾಯಿಗೆ ಹಾಕಿ ಉಗುಳುತ್ತದಾ? ಉಗುಳುವ ಮೀನಿನ ಮೇಲೆ ಆ ದಿನವಿಡೀ ಒಂದು ಕಣ್ಣು.

ಮುಜುಗರವಿಲ್ಲದೆ ಹೇಳುತ್ತೇನೆ, ಈ ಟ್ಯಾಂಕ್ ಕೊಟ್ಟ ದೊಡ್ಡ ಖುಷಿ ಮೀನಿನ ಕಕ್ಕಸು ನೋಡುವುದು. ಕಲ್ಲು ಹಾಕಿದ ಟ್ಯಾಂಕಿನಲ್ಲಿ ಇದು ಕಾಣುವುದೇ ಇಲ್ಲ. ಇಲ್ಲಿ ಬಿಳಿ ತಳದ ಮೇಲೆ ಒಂದೊಂದೂ ಎದ್ದು ಕಾಣುತ್ತದೆ. ತಿಂಡಿಯ ಬಣ್ಣದ, ಗಟ್ಟಿಯಾದ, ಬೇಗ ಉದುರುವ ಹಿಕ್ಕೆಯಾದರೆ ನಿಶ್ಚಿಂತೆ. ಬಿಳಿ, ಲೋಳೆಯಂಥ, ಉದ್ದಕ್ಕೆ ನೇತಾಡುವ ಎಳೆಯಾದರೆ ಗಮನ ಕೊಡಬೇಕು. ಬಂದ ಮೊದಲ ಒಂದೆರಡು ದಿನ ಹಾಗಿದ್ದರೆ ಗಾಬರಿ ಬೇಡ. ಸಾಗಿಸುವ ಮುಂಚೆ ಮೀನನ್ನು ಉಪವಾಸ ಇಡುತ್ತಾರೆ, ಖಾಲಿ ಕರುಳಿನಿಂದ ಬರುವುದು ಲೋಳೆಯೇ. ಚೆನ್ನಾಗಿ ತಿನ್ನೋಕೆ ಶುರು ಮಾಡಿದ ಮೇಲೂ ಬಿಳಿ ಎಳೆ ನಿಲ್ಲದಿದ್ದರೆ, ಅದರಲ್ಲೂ ಏಂಜೆಲ್, ಡಿಸ್ಕಸ್ ಜಾತಿಯ ಮೀನಾಗಿದ್ದರೆ, ಕರುಳಿನಲ್ಲಿ ಏನೋ ಇದೆ ಅಂತ ಅರ್ಥ.

ತೆಳುವಾದ ಏರ್ ಟ್ಯೂಬಿನಲ್ಲಿ ತಳದ ಕಸವನ್ನು ಒಂದು ಬಿಳಿ ಪ್ಲಾಸ್ಟಿಕ್ ಮಗ್ಗಿಗೆ ಎಳೆಯುತ್ತೇನೆ. ಬಿಳಿಯೇ ಆಗಬೇಕು. ಕಳೆದ ವರ್ಷ ತಂದ ಗಪ್ಪಿಗಳಲ್ಲಿ ಹುಳ ಪತ್ತೆಯಾಗಿದ್ದು ಈ ಗಾಜು, ಈ ಮಗ್ಗು ಎರಡರಿಂದಲೇ. ಮೂರನೇ ವಾರ ನಡೆಯುತ್ತಿತ್ತು. ಎಲ್ಲ ಲವಲವಿಕೆಯಿಂದ ಓಡಾಡಿಕೊಂಡು, ಚೆನ್ನಾಗಿ ತಿಂದುಕೊಂಡು ಇದ್ದವು. ಒಂದು ಹೆಣ್ಣು ಗಪ್ಪಿ ಗಾಜಿನ ಹತ್ತಿರ ಅಲ್ಲಾಡದೆ ನಿಂತಾಗ ಗುದದಿಂದ ಎರಡು ಮೂರು ಕೆಂಪು ಎಳೆ ಹೊರಗೆ ಇಣುಕಿದವು. ಅದು ಬಾಲ ಬೀಸಿ ಹೊರಟದ್ದೇ ತಡ, ಎಳೆಗಳು ಒಳಗೆ ಸೇರಿಕೊಂಡವು. ಕಮಲಾನಸ್ ಅನ್ನುವ ಕರುಳಿನ ಹುಳದ ಬುದ್ಧಿಯೇ ಇದು, ಮೀನು ನಿಂತಾಗ ಮಾತ್ರ ಹೊರಗೆ ಬರುವುದು. ಸಾವಿರ ಗಿಡ, ಕಲ್ಲು ಇರುವ ಟ್ಯಾಂಕಿನಲ್ಲಿ ಇದು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಲೆವಮಿಸೋಲ್ ಹಾಕಿದ ಮೇಲೆ ಮಗ್ಗಿನಲ್ಲಿ ಹುಳಗಳು ಸಿಕ್ಕವು. ಆ ಔಷಧಿ ಹುಳವನ್ನು ಸ್ತಬ್ಧ ಮಾಡಿ ಉದುರಿಸುತ್ತದೆ. ತಳದಿಂದ ಎತ್ತದಿದ್ದರೆ ಮೀನು ಮತ್ತೆ ಅದನ್ನೇ ತಿನ್ನುತ್ತದೆ. ಕಲ್ಲಿಲ್ಲದ ತಳದ ಬೆಲೆ ಅವತ್ತು ಗೊತ್ತಾಯಿತು.

ಅಂಗಡಿಯವರನ್ನು ಕೇಳಿದರೆ "ನಮ್ಮಲ್ಲಿ ಚೆನ್ನಾಗೇ ಇತ್ತಲ್ಲ ಸಾರ್" ಅಂದರು. ಸುಳ್ಳು ಅಂತ ಅನ್ನಿಸಲಿಲ್ಲ. ನಮ್ಮ ಬೆಂಗಳೂರಿನ ಅಂಗಡಿಗಳಿಗೆ ಎಷ್ಟೋ ಮೀನು ಬರುವುದು ಚೆನ್ನೈನ ಕೊಳತ್ತೂರು ಕಡೆಯಿಂದ. ಸಾಕಿದವರ ತೊಟ್ಟಿ, ಹೋಲ್‌ಸೇಲ್, ರಾತ್ರಿ ಪ್ರಯಾಣ, ಅಂಗಡಿ, ಕೊನೆಗೆ ನಮ್ಮ ಕವರ್. ಅಷ್ಟು ಸುಸ್ತಾದ ಮೀನಿನ ಒಳಗಿದ್ದ ಕಾಯಿಲೆ ತಲೆ ಎತ್ತುವ ಹೊತ್ತಿಗೆ ಅದು ನಮ್ಮ ಮನೆಯಲ್ಲಿರುತ್ತದೆ. ಕವರಿನ ನೀಲಿ ನೀರು ನೋಡಿ, ಔಷಧಿ ಹಾಕಿದ್ದಾರೆ, ಸೇಫ್ ಅಂದುಕೊಳ್ಳಬೇಡಿ.

ಸ್ವಚ್ಛ ಗಾಜಿನಿಂದ ಆಗುವ ಇನ್ನೊಂದು ಲಾಭ, ಇಲ್ಲದ ಕಾಯಿಲೆಗೆ ಔಷಧಿ ಹಾಕುವುದು ತಪ್ಪುತ್ತದೆ. ಗೋಲ್ಡ್ ಫಿಶ್ ಗಂಡಿಗೆ ಹರೆಯ ಬಂದಾಗ ಕಿವಿರಿನ ಮುಚ್ಚಳದ ಮೇಲೆ, ಮುಂದಿನ ರೆಕ್ಕೆಯ ಮೊದಲ ಕಡ್ಡಿಯ ಮೇಲೆ ಸಾಲಾಗಿ ಬಿಳಿ ಚುಕ್ಕೆ ಏಳುತ್ತವೆ. ಅದು ವೈಟ್ ಸ್ಪಾಟ್ ಅಲ್ಲ. ವೈಟ್ ಸ್ಪಾಟ್ ಮೈ, ಬಾಲ ಅಂತ ನೋಡದೆ ಎಲ್ಲೆಂದರಲ್ಲಿ ಬರುತ್ತದೆ, ದಿನದಿಂದ ದಿನಕ್ಕೆ ಜಾಗ ಬದಲಾಗುತ್ತದೆ. ರಾತ್ರಿ ದಿಢೀರ್ ಅಂತ ಲೈಟ್ ಹಾಕಿದರೆ ನಿಯಾನ್ ಟೆಟ್ರಾ ಬಣ್ಣವೇ ಇಲ್ಲದೆ ಕಾಣುತ್ತದೆ. ಅದೂ ಕಾಯಿಲೆಯಲ್ಲ, ಸ್ವಲ್ಪ ಹೊತ್ತಿಗೆ ಬಣ್ಣ ವಾಪಸ್ ಬರುತ್ತದೆ. ಹಗಲಿನಲ್ಲೂ ಕೆಂಪು ಪಟ್ಟಿ ಅಲ್ಲಲ್ಲಿ ಬಿಳಿಚಿಕೊಂಡೇ ಇದ್ದರೆ ಬೇರೆ ಮಾತು.

ಒಂದು ವಿಷಯ ಮಾತ್ರ ಹತ್ತಿರದಿಂದ ನೋಡಿಯೇ ಮುಂದುವರಿಯಿರಿ. ಬಿಳಿ ಕಂಡ ತಕ್ಷಣ ಹೀಟರ್ 30 ಡಿಗ್ರಿಗೆ ತಿರುಗಿಸುವ ಅಭ್ಯಾಸ ತುಂಬ ಜನಕ್ಕಿದೆ. ಉಪ್ಪಿನ ಹರಳಿನಷ್ಟು, ಒಂದೊಂದೂ ಬಿಡಿಬಿಡಿಯಾದ ಚುಕ್ಕೆಯಾದರೆ ಸರಿ. ಬಿಸಿ ಮಾಡಿದರೆ ವೈಟ್ ಸ್ಪಾಟಿನ ಜೀವನಚಕ್ರ ಬೇಗ ಮುಗಿಯುತ್ತದೆ. ಮೈ ಬಿಟ್ಟು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಔಷಧಿಗೆ ಸಿಗುವುದರಿಂದ ಇದು ಅನುಕೂಲ. ಆದರೆ ಬಾಯಿಯ ಸುತ್ತ, ಬೆನ್ನ ಮೇಲೆ ಬೂದು-ಬಿಳಿ ಹತ್ತಿ ಹರಡಿದಂತೆ ಇದ್ದರೆ ಅದು ಕಾಲಮ್ನಾರಿಸ್ ಆಗಿರಬಹುದು. ಆ ಬ್ಯಾಕ್ಟೀರಿಯಾಕ್ಕೆ ಬಿಸಿ ನೀರೆಂದರೆ ಹಬ್ಬ. ಎರಡೂ ದೂರದಿಂದ ಬಿಳಿಯೇ. ಹೀಟರ್ ಏರಿಸಿದರೆ ನೀರಿನಲ್ಲಿ ಆಕ್ಸಿಜನ್ನೂ ಕಮ್ಮಿಯಾಗುತ್ತದೆ, ಏರ್ ಪಂಪ್ ಜೋರು ಮಾಡಲು ಮರೆಯಬೇಡಿ.

ಯಾರಿಗೆ ಬೇಡ ಅಂತಲೂ ಹೇಳಬೇಕಲ್ವಾ. ದೊಡ್ಡ ಗೋಲ್ಡ್ ಫಿಶ್, ಆಸ್ಕರ್ ಸಾಕುವವರಿಗೆ ಇದು ಸಾಲದು, ನೀರು ಒಂದೇ ದಿನಕ್ಕೆ ಕೆಡುತ್ತದೆ. ಮೀನಿನ ಟಿಬಿಯಂಥ ನಿಧಾನದ ಕಾಯಿಲೆ ನಾಲ್ಕು ವಾರದಲ್ಲಿ ಎಂಥ ಟ್ಯಾಂಕಿನಲ್ಲೂ ಕಾಣದೇ ಹೋಗಬಹುದು. ಅದು ಮನುಷ್ಯರ ಚರ್ಮಕ್ಕೂ ಗಾಯದ ಮೂಲಕ ಅಂಟಬಲ್ಲದು. ಕೈಯಲ್ಲಿ ಗಾಯ ಇದ್ದ ದಿನ ನಾನು ಗ್ಲೌಸ್ ಇಲ್ಲದೆ ನೀರಿಗೆ ಕೈ ಹಾಕುವುದಿಲ್ಲ. ಇನ್ನು ಬಲೆ, ಟ್ಯೂಬ್, ಮಗ್ಗು ಎಲ್ಲ ಇದಕ್ಕೇ ಬೇರೆ. ಒಂದು ಗುಂಪು ಮುಗಿದ ಮೇಲೆ ತೊಳೆದು ಬಿಸಿಲಿಗೆ ಚೆನ್ನಾಗಿ ಒಣಗಿಸುತ್ತೇನೆ.

ನಾನು ತರುವುದು 30-40 ರೂಪಾಯಿ ಮೀನು. ಅದಕ್ಕೆ 2,000 ರೂಪಾಯಿ ಚಿಲ್ಲರೆ ಟ್ಯಾಂಕಾ ಅಂತ ತಮ್ಮ ನಕ್ಕ. ಕಾಪಾಡಬೇಕಾಗಿರುವುದು ಆ 30 ರೂಪಾಯಿಯನ್ನಲ್ಲ, ದೊಡ್ಡ ಟ್ಯಾಂಕಿನಲ್ಲಿ ಮರಿಯಿಂದ ಸಾಕಿದ ಏಂಜೆಲ್‌ಗಳನ್ನು. ಆದರೂ ದುಡ್ಡಿನ ಲೆಕ್ಕದಲ್ಲಿ ಅವನು ಅರ್ಧ ಸರಿ. ಹತ್ತಿರದಲ್ಲಿ ಟ್ಯಾಂಕ್ ಅಂಟಿಸಿ ಕೊಡುವವರಿದ್ದರೆ ಬರೀ ಗಾಜಿನದ್ದೇ ಮಾಡಿಸಿ, ಮೇಲೆ ಮೆಶ್ ಮುಚ್ಚಿ. ಬಕೆಟ್, ಪ್ಲಾಸ್ಟಿಕ್ ಕ್ರೇಟ್ ಮಾತ್ರ ಬೇಡ, ಪಕ್ಕದಿಂದ ನೋಡಲಾಗದಿದ್ದರೆ ಬೇರೆ ಇಟ್ಟು ಏನು ಪ್ರಯೋಜನ? ಮಾಡಿಸುವ ತಾಪತ್ರಯ ಬೇಡ ಅನ್ನುವವರು ಇದನ್ನೇ ತಗೊಳ್ಳಬಹುದು, ಐದಕ್ಕೆ ಮೂರೂವರೆ ಕೊಡುತ್ತೇನೆ. ಮೆಥಿಲೀನ್ ಬ್ಲೂ ಹಾಕಿದರೆ ಮೂಲೆಯ ಸಿಲಿಕಾನ್ ನೀಲಿಯಾಗಿ ಹಾಗೇ ಉಳಿಯುತ್ತದೆ, ಮುಂದೆ ಮಾರುವ ಆಸೆ ಇದ್ದರೆ ಆ ಆಸೆ ಬಿಟ್ಟುಬಿಡಿ. ಇದೇ ಟ್ಯಾಂಕ್ ಲೈಟ್ ಇಲ್ಲದೆ ಸಿಕ್ಕರೆ ಅದನ್ನೇ ಆರಿಸಿ, ಉಳಿದ ದುಡ್ಡಿಗೆ ಅಮೋನಿಯಾ ಟೆಸ್ಟ್ ಕಿಟ್, ಒಂದು ಪೆನ್ ಟಾರ್ಚ್ ತಗೊಳ್ಳಿ.