ಅಮ್ಮ ಬಡಿಸಿದ ಬಟ್ಟಲು, ನಾನೇ ಬರೆದ ಡೈರಿ

ಈಟಿಂಗ್ ಡಿಸಾರ್ಡರ್‌ಗೆ, ಅಂದರೆ ಊಟ-ತೂಕದ ಸುತ್ತ ಮನಸ್ಸು ಸಿಕ್ಕಿಬೀಳುವ ಕಾಯಿಲೆಗೆ, ನಾನು ಎರಡು ಬಗೆಯ ಚಿಕಿತ್ಸೆ ತೆಗೆದುಕೊಂಡಿದ್ದೇನೆ. ಪ್ಲಸ್ ಟುವಿನಲ್ಲಿ ಅನೊರೆಕ್ಸಿಯಾ (ದಪ್ಪ ಆಗುವ ಭಯಕ್ಕೆ ಊಟ ಬಿಟ್ಟು ತೀರಾ ಸೊರಗುವುದು) ಇದ್ದಾಗ ಮನೆಯವರೇ ಊಟ ಮಾಡಿಸುವ ಎಫ್‌ಬಿಟಿ (ಫ್ಯಾಮಿಲಿ ಬೇಸ್ಡ್ ಟ್ರೀಟ್‌ಮೆಂಟ್). ಮಂಗಳೂರಿನ ಹಾಸ್ಟೆಲ್ ಸೇರಿದ ಮೇಲೆ ಕಾಯಿಲೆ ಬುಲಿಮಿಯಾ (ತಡೆಯಲಾಗದೆ ತುಂಬಾ ತಿಂದು, ಆಮೇಲೆ ವಾಂತಿ, ಉಪವಾಸದಂಥ ದಾರಿ ಹಿಡಿಯುವುದು) ಆಗಿ ಮರಳಿದಾಗ ಸಿಬಿಟಿ-ಇ, ಅಂದರೆ ಯೋಚನೆ ಮತ್ತು ಅಭ್ಯಾಸಗಳನ್ನು ಬದಲಿಸಲು ಕಲಿಸುವ, ಈಟಿಂಗ್ ಡಿಸಾರ್ಡರ್‌ಗೆಂದೇ ಇರುವ ಮಾತಿನ ಚಿಕಿತ್ಸೆ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಕೆಲವು ಅಮ್ಮಂದಿರು ಯಾವುದು ಒಳ್ಳೆಯದು ಅಂತ ಕೇಳುತ್ತಿರುತ್ತಾರೆ.

ಎಫ್‌ಬಿಟಿ ಬೆಳೆದದ್ದು 1980ರ ದಶಕದಲ್ಲಿ, ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯಲ್ಲಿ. ಏನು ತಿನ್ನಬೇಕು, ಎಷ್ಟು ತಿನ್ನಬೇಕು ಎಲ್ಲ ಹೆತ್ತವರ ತೀರ್ಮಾನ. ತೂಕ ಬಂದ ಮೇಲೆ ಅದನ್ನು ನಿಧಾನಕ್ಕೆ ಮಕ್ಕಳ ಕೈಗೆ ಬಿಡುತ್ತಾರೆ. ನಾನು ಕುಚ್ಚಲಕ್ಕಿ ಅನ್ನವನ್ನು ಬಟ್ಟಲಿನ ಅಂಚಿಗೆ ಸವರುತ್ತಿದ್ದೆ. ಅಮ್ಮ ಎದುರಿಗೆ ಕೂತು, ಚಮಚದಲ್ಲಿ ಅದನ್ನು ಮತ್ತೆ ನಡುವಿಗೆ ಎಳೆಯುತ್ತಿದ್ದರು. "ಮೊದಲು ಊಟ ಮಾಡು, ಕೋಪ ಆಮೇಲೆ ಮಾಡು" ಅನ್ನುತ್ತಿದ್ದರು. ಹೊಟ್ಟೆಗಿಲ್ಲದೆ ನನ್ನ ತಲೆಯೇ ಓಡದಿದ್ದಾಗ ಬೇರೊಬ್ಬರು ತೀರ್ಮಾನ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಅಮ್ಮ ಸೊರಗಿಹೋದರು. ಅಡಿಕೆ ಕೆಲಸದ ನಡುವೆ ಹೊತ್ತುಹೊತ್ತಿಗೆ ಕಾವಲು ಕೂರುವುದು ಸುಲಭವಾ?

ಒಂದು ಎಚ್ಚರಿಕೆ: ತುಂಬಾ ದಿನ ಉಪವಾಸ ಇದ್ದವರಿಗೆ ಒಮ್ಮೆಲೇ ಜಾಸ್ತಿ ಉಣಿಸಬೇಡಿ. ರಕ್ತದಲ್ಲಿ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯ ಆಗಬಹುದು. ಮೊದಲು ಡಾಕ್ಟರ್ ನೋಡಲಿ.

ಸಿಬಿಟಿ-ಇ ರೂಪಿಸಿದ್ದು ಆಕ್ಸ್‌ಫರ್ಡ್‌ನ ಕ್ರಿಸ್ಟೋಫರ್ ಫೇರ್‌ಬರ್ನ್. ಸಾಮಾನ್ಯವಾಗಿ 20 ಸೆಷನ್, ತೂಕ ತೀರಾ ಕಡಿಮೆ ಇದ್ದರೆ ಸುಮಾರು 40. ಇಲ್ಲಿ ಕಾವಲು ಯಾರೂ ಇಲ್ಲ, ಡೈರಿ ಮಾತ್ರ. ತಿಂದ ಕೂಡಲೇ ಏನು, ಎಲ್ಲಿ, ಆಗ ಮನಸ್ಸಲ್ಲಿ ಏನಿತ್ತು ಅಂತ ಬರೆಯಬೇಕು. ಕ್ಯಾಲೊರಿ ಬರೆಯುವಂತಿಲ್ಲ. ಮೂರು ಊಟ, ಎರಡು ಮೂರು ತಿಂಡಿ, ನಡುವೆ 4 ಗಂಟೆಗಿಂತ ಜಾಸ್ತಿ ಬಿಡುವು ಬೇಡ. ತೂಕ ನೋಡುವುದು ವಾರಕ್ಕೊಮ್ಮೆ, ಅದೂ ಸೆಷನ್‌ನಲ್ಲಿ. ನನ್ನ ಡೈರಿಯಲ್ಲಿ ರಾತ್ರಿಯ ತಿನ್ನುವ ಹುಚ್ಚು ಇದ್ದ ಪುಟಗಳಲ್ಲೆಲ್ಲ ಬೆಳಿಗ್ಗೆ ಬರೀ ಚಾ, ಮಧ್ಯಾಹ್ನ ಖಾಲಿ. ಎಲ್ಲರೂ ಬಾಯಿಚಪಲ ಅಂದುಕೊಂಡಿದ್ದು ಹಸಿವಿನ ಲೆಕ್ಕ ಆಗಿತ್ತು. ಇದನ್ನು ಬಟ್ಟಲು ಕಲಿಸಿರಲಿಲ್ಲ.

ಇದಕ್ಕೂ ಕೊರತೆ ಇದೆ. ಸುಳ್ಳು ಬರೆದರೆ ಕೇಳುವವರಿಲ್ಲ. ಕನ್ನಡದಲ್ಲಿ ಈ ಚಿಕಿತ್ಸೆ ಕೊಡುವವರು ನಮ್ಮ ಊರಲ್ಲಿ ನನಗೆ ಸಿಗಲಿಲ್ಲ, ಮಂಗಳೂರಲ್ಲೇ ಸಿಕ್ಕಿದ್ದು. ಫೀಸೂ ಜಾಸ್ತಿ.

ಮಾತ್ರೆಯ ವಿಷಯ ಬೇಗ ಮುಗಿಸುತ್ತೇನೆ. ಬುಲಿಮಿಯಾಕ್ಕೆ ಫ್ಲೂಕ್ಸೆಟಿನ್ ಕೊಡುತ್ತಾರೆ. ನನಗೆ ಸ್ವಲ್ಪ ನೆರವಾಯಿತು, ಡೈರಿಯ ಬದಲು ಅಲ್ಲ. ವಾಂತಿ ಇದ್ದರೆ ಪೊಟ್ಯಾಶಿಯಂ ಟೆಸ್ಟ್, ಇಸಿಜಿ ಮಾಡಿಸಲೇಬೇಕು.

ನಿಜವಾದ ವ್ಯತ್ಯಾಸ ಕಾಯಿಲೆ ಮರಳುವಾಗ ಕಾಣುತ್ತದೆ. ಎಫ್‌ಬಿಟಿಯ ಹೊತ್ತಿಗೆ ಒಂದು ಹೊತ್ತಿನ ಊಟ ತಪ್ಪಿದರೂ ಮನೆಯೆಲ್ಲ ಗಾಬರಿ. ಸಿಬಿಟಿ-ಇಯ ಕೊನೆಯ ಸೆಷನ್‌ಗಳಲ್ಲಿ ಮುನ್ಸೂಚನೆಗಳ ಒಂದು ಚೀಟಿ ಬರೆಸಿದರು. ನನ್ನ ಚೀಟಿಯ ಮೊದಲ ಸಾಲು: "ಇದ್ದಕ್ಕಿದ್ದಂತೆ ಏಕಾದಶಿ, ಶನಿವಾರ ಅಂತ ಉಪವಾಸ ಹಿಡಿಯುವುದು." ಮನೆಯವರು ಅದನ್ನು ಭಕ್ತಿ ಅಂತ ಮೆಚ್ಚಿದ್ದರು, ಪಾಪ! ಆಮೇಲೆ ಒಮ್ಮೆ ಜಾರಿದಾಗ ಮರುದಿನದ ತಿಂಡಿಯಿಂದಲೇ ಡೈರಿ ಶುರು ಮಾಡಿದೆ. ಜಾರಿದ್ದು ಅಲ್ಲಿಗೇ ನಿಂತಿತು.

ಮನೆಯಲ್ಲೇ ಇರುವ, ಕಾಯಿಲೆ ಹೊಸದಾದ ಶಾಲೆ ಮಕ್ಕಳಿಗೆ ನನ್ನ ಓಟು ಎಫ್‌ಬಿಟಿಗೆ. ಹಾಸ್ಟೆಲ್ಲೋ ಕೆಲಸವೋ ಅಂತ ಹೊರಗಿರುವವರು ಡೈರಿ ಹಿಡಿಯಿರಿ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಭಾಷೆ ಆರಿಸಿಕೊಳ್ಳಬಹುದು.