ಜಿಯೋಜೀಬ್ರಾ ಗ್ರಾಫಿಂಗ್ ಕ್ಯಾಲ್ಕುಲೇಟರ್: ವೈ-ಇಂಟರ್‌ಸೆಪ್ಟ್ ಕಲಿಸಲು ಹೇಗಿದೆ?

ಹೈಸ್ಕೂಲ್ ಮಕ್ಕಳಿಗೆ ಸರಳರೇಖೆಯನ್ನೂ, ಅದು ವೈ-ಅಕ್ಷವನ್ನು ದಾಟುವ ಜಾಗವಾದ ವೈ-ಇಂಟರ್‌ಸೆಪ್ಟನ್ನೂ ಹೇಳಿಕೊಡುವವರ ಮೊಬೈಲಿನಲ್ಲಿ ಈ ಆ್ಯಪ್ ಇರಲೇಬೇಕು. ದುಡ್ಡು ಕೊಡಬೇಕಿಲ್ಲ. ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೂ ನಡೆಯುತ್ತದೆ. ಮಂಡ್ಯದ ಹಳ್ಳಿ ಶಾಲೆಗಳಿಗೆ ಇದು ಸಣ್ಣ ಅನುಕೂಲವಲ್ಲ.

ವೈ = ಎಂ × ಎಕ್ಸ್ + ಸಿ ಎಂದು ಟೈಪ್ ಮಾಡಿ. ಇಲ್ಲಿ ಎಂ ರೇಖೆಯ ಇಳಿಜಾರು, ಸಿ ವೈ-ಇಂಟರ್‌ಸೆಪ್ಟ್. ಗುಣಾಕಾರದ ಚಿಹ್ನೆ ಬಿಡಬೇಡಿ, ಬಿಟ್ಟರೆ ಎರಡು ಅಕ್ಷರವನ್ನೂ ಸೇರಿಸಿ ಒಂದೇ ಹೆಸರೆಂದು ಅದು ಓದಿಕೊಳ್ಳುವುದುಂಟು. ಎಂ, ಸಿ ಎರಡಕ್ಕೂ ಸ್ಲೈಡರ್ (ಎಳೆದು ಬೆಲೆ ಬದಲಿಸುವ ಗುಂಡಿ) ಬರುತ್ತದೆ. ಮೊದಲು ಸಿ ಮಾತ್ರ ಎಳೆಯಿರಿ: ಇಳಿಜಾರು ಬದಲಾಗದೆ ರೇಖೆ ಮೇಲೆ ಕೆಳಗೆ ಸರಿಯುತ್ತದೆ. ಆಮೇಲೆ ಎಂ ಎಳೆಯಿರಿ: ರೇಖೆ (0, ಸಿ) ಬಿಂದುವನ್ನು ಬಿಡದೆ ಅಲ್ಲೇ ತಿರುಗುತ್ತದೆ. ಎಕ್ಸ್ ಸೊನ್ನೆಯಾದಾಗ ಎಂ ಎಷ್ಟಿದ್ದರೂ ಉಳಿಯುವುದು ಸಿ ಒಂದೇ. ಬೋರ್ಡಿನ ಮೇಲೆ ಇಷ್ಟು ಸ್ಪಷ್ಟವಾಗಿ ತೋರಿಸುವುದು ಕಷ್ಟ.

ತೊಡಕಿರುವುದು ಅಳತೆಯಲ್ಲಿ. ಸ್ಲೈಡರ್ ತಾನಾಗಿ ಕೊಡುವುದು -5ರಿಂದ 5ರವರೆಗೆ ಮಾತ್ರ. ಮೈಸೂರು, ಮಂಡ್ಯದ ಮಕ್ಕಳಿಗೆ ಚೆಸ್ಕಾಂ ಕಂಪನಿಯ ಕರೆಂಟ್ ಬಿಲ್ಲಿಗಿಂತ ಒಳ್ಳೆಯ ಉದಾಹರಣೆ ಸಿಗದು: ಮನೆಗೆ ಬೀಗ ಹಾಕಿ ಒಂದು ಯೂನಿಟ್ಟೂ ಉರಿಸದಿದ್ದರೂ ಬರುವ ನಿಗದಿತ ಶುಲ್ಕವೇ ಸಿ, ಯೂನಿಟ್ ದರವೇ ಎಂ. ಲೆಕ್ಕ ಸುಲಭವಾಗಲೆಂದು ತೆರಿಗೆ ಬಿಟ್ಟು, ಶುಲ್ಕ 150 ರೂಪಾಯಿ, ಯೂನಿಟ್ಟಿಗೆ 6 ರೂಪಾಯಿ ಎಂದಿಟ್ಟುಕೊಳ್ಳಿ. ಆಗ ರೇಖೆ ಪರದೆಯಲ್ಲಿ ಕಾಣುವುದೇ ಇಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಎಂ ಗರಿಷ್ಠ 10, ಸಿ ಗರಿಷ್ಠ 300 ಮಾಡಿ. ಎಕ್ಸ್-ಅಕ್ಷ -10ರಿಂದ 100, ವೈ-ಅಕ್ಷ -50ರಿಂದ 800 ಇರಲಿ.

ಎಕ್ಸ್-ಅಕ್ಷವನ್ನು 20ರಿಂದ ಶುರುಮಾಡಿದರೆ ಮಾತ್ರ ಕೆಟ್ಟಿತು. ರೇಖೆ ಪರದೆಯ ಎಡ ಅಂಚನ್ನು 270ರಲ್ಲಿ ಮುಟ್ಟುತ್ತದೆ, ಮಕ್ಕಳು ಅದನ್ನೇ ಇಂಟರ್‌ಸೆಪ್ಟ್ ಎಂದು ಬರೆಯುತ್ತಾರೆ. ಗ್ರಾಫ್ ಹಾಳೆಯಲ್ಲೂ ಇದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ನೋಡಬೇಕಾದ್ದು ಎಕ್ಸ್ = 0 ಇರುವ ಜಾಗ, ಹಾಳೆಯ ಅಂಚಲ್ಲ.

2ಎಕ್ಸ್ + 3ವೈ = 12 ಎಂಬಂಥ ಸಮೀಕರಣಕ್ಕೆ ಸ್ಲೈಡರ್ ಉಪಯೋಗವಿಲ್ಲ. ಇದರ ವೈ-ಇಂಟರ್‌ಸೆಪ್ಟ್ ಕೇಳಿದರೆ 12 ಎನ್ನುವವರೇ ಹೆಚ್ಚು. ಮೊದಲು ಕೈಯಲ್ಲೇ ಎಕ್ಸ್‌ಗೆ 0 ಹಾಕಿಸಿ, 3ವೈ = 12, ವೈ = 4 ಎಂದು ಬರೆಸಿ. ನಂತರ ಇಂಟರ್‌ಸೆಕ್ಟ್ ಟೂಲ್ ಆರಿಸಿ ರೇಖೆಯನ್ನೂ ವೈ-ಅಕ್ಷವನ್ನೂ ಮುಟ್ಟಿದರೆ (0, 4) ಬರುತ್ತದೆ. ಎಕ್ಸ್ = 3 ಕೊಟ್ಟರೆ ಆ ರೇಖೆ ವೈ-ಅಕ್ಷಕ್ಕೆ ಸಮಾಂತರ, ಛೇದಬಿಂದು ಸಿಗುವುದಿಲ್ಲ. ಎಲ್ಲ ರೇಖೆಗೂ ಸಿ ಇದ್ದೇ ಇರುತ್ತದೆ ಎಂದುಕೊಂಡವರಿಗೆ ಇದನ್ನು ತಪ್ಪದೆ ತೋರಿಸಿ.