ವಾರಕ್ಕೊಂದು ಪುಸ್ತಕವೋ, ದಿನಕ್ಕರ್ಧ ಗಂಟೆಯೋ, ನಮ್ಮ ಸೀಮೆಯವರೋ?

ಯುಗಾದಿಯಿಂದ ಯುಗಾದಿಗೆ ಅಂತ ಹಾಕಿಕೊಂಡಿದ್ದ ಓದಿನ ಚಾಲೆಂಜ್ ಮುಗಿಯಿತು. ವರ್ಷದಲ್ಲಿ ಮೂರು ಬಗೆಯ ಪಣ ತೊಟ್ಟು ನೋಡಿದೆ: ಮೊದಲು ವಾರಕ್ಕೊಂದು ಪುಸ್ತಕ, ಆಮೇಲೆ ದಿನಕ್ಕೆ ಅರ್ಧ ಗಂಟೆ, ಕೊನೆಗೆ ಹಾಸನ–ಚಿಕ್ಕಮಗಳೂರು ಸೀಮೆಯ ಬರಹಗಾರರು ಮಾತ್ರ. ಕೆಲಸ ಹಾಸನದಲ್ಲಿ, ತವರು ಚಿಕ್ಕಮಗಳೂರಿನಲ್ಲಿ. ಓದೆಲ್ಲ ಈ ಓಡಾಟದ ನಡುವೆಯೇ. ನನಗೆ ಹೆಚ್ಚು ಕೊಟ್ಟದ್ದು ಮೂರನೆಯ ಪಣ.

ವಾರಕ್ಕೊಂದು ಅಂದಾಗ ಹುರುಪು ಬರುವುದು ನಿಜ. ಭಾನುವಾರ ಹತ್ತಿರವಾದಂತೆ ಮೊಬೈಲ್ ತಾನಾಗಿ ಮೂಲೆ ಸೇರುತ್ತದೆ. ಆದರೆ ಗ್ರಂಥಾಲಯದ ಕಪಾಟಿನ ಮುಂದೆ ನಿಂತರೆ ಕಣ್ಣು ಮೊದಲು ನೋಡುವುದು ಪುಸ್ತಕದ ದಪ್ಪವನ್ನು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಈ ಲೆಕ್ಕದಲ್ಲಿ ಒಂದು, ನೂರು ಪುಟದ ಕಥಾಸಂಕಲನವೂ ಒಂದು! ದೊಡ್ಡ ಕಾದಂಬರಿಗೆ ಇದರಷ್ಟು ಅನ್ಯಾಯದ ನಿಯಮ ಇನ್ನೊಂದಿಲ್ಲ.

ಅರ್ಧ ಗಂಟೆಯ ನಿಯಮ ಬಂದ ಮೇಲೆ ‘ಮದುಮಗಳು’ ಮನೆಗೆ ಬಂತು. ಎಲ್ಲರೂ ಏಳುವ ಮುಂಚೆ, ಕಾಫಿ ಲೋಟದ ಜೊತೆ, ಎಷ್ಟು ಪುಟವಾದರೆ ಅಷ್ಟು. ಎರಡೂ ನಿಯಮಗಳಲ್ಲಿ ಆರಿಸು ಅಂದರೆ ನಾನು ಇದನ್ನೇ ಆರಿಸುತ್ತೇನೆ. ಏನು ಓದಬೇಕು ಅಂತ ಮಾತ್ರ ಇದು ಹೇಳುವುದಿಲ್ಲ.

ಅದನ್ನು ಹೇಳಿದ್ದು ಮೂರನೆಯದು. ಮೂಡಿಗೆರೆಯಲ್ಲಿ ನೆಲೆಸಿದ್ದ ತೇಜಸ್ವಿಯವರ ‘ಕರ್ವಾಲೊ’ದಿಂದ (1980) ಶುರು ಮಾಡಿದೆ, ಹಾರುವ ಓತಿಯ ಬೆನ್ನು ಹತ್ತಿದ ಆ ಗುಂಪನ್ನು ಯಾರು ಬಿಟ್ಟಾರು? ಅಲ್ಲಿಂದ ಗೊರೂರಿಗೆ. ಹೇಮಾವತಿಗೆ ಅಣೆಕಟ್ಟು ಬಂದದ್ದು 1979ರಲ್ಲಿ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಅದಕ್ಕೂ ದಶಕಗಳ ಹಿಂದಿನದು. ರಜೆಯಲ್ಲಿ ಡ್ಯಾಂ ನೋಡಲಷ್ಟೇ ಹೋಗುತ್ತಿದ್ದ ಊರಿನಲ್ಲಿ ಹೀಗೂ ಜನ ಬಾಳಿದ್ದರು ಅಂತ ತಿಳಿದದ್ದು ಆಗ.

ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಭೈರಪ್ಪನವರ ‘ಗೃಹಭಂಗ’ (1970) ನನ್ನನ್ನು ಅಲ್ಲಾಡಿಸಿಬಿಟ್ಟಿತು. ಗಂಡನ ಶಾನುಭೋಗಿಕೆಯ ಲೆಕ್ಕವನ್ನೂ ತಾನೇ ಬರೆದು ಸಂಸಾರ ತೂಗಿಸುವ ನಂಜಮ್ಮನ ಮಕ್ಕಳನ್ನು ಪ್ಲೇಗು ಕಿತ್ತುಕೊಳ್ಳುವ ಭಾಗವನ್ನು ಒಂದೇ ಸಲಕ್ಕೆ ಓದಲಾಗಲಿಲ್ಲ. ಪ್ಲೇಗು ಬಂದಾಗ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡಿದ್ದನ್ನು ನಮ್ಮಜ್ಜಿ ಹೇಳುತ್ತಿದ್ದರು. ಬಾಲ್ಯದಲ್ಲಿ ಅರೆಗಿವಿಯಲ್ಲಿ ಕೇಳಿದ ಆ ಮಾತೆಲ್ಲ ಈ ಕಾದಂಬರಿ ಓದುವಾಗ ಎದ್ದು ಬಂತು. ಬೇರೆ ಯಾವ ಪಟ್ಟಿ ಹಿಡಿದಿದ್ದರೂ ಇದಾಗುತ್ತಿರಲಿಲ್ಲ ಅನ್ನಿಸುತ್ತದೆ.

ಕಷ್ಟವಾದದ್ದು ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶನ ‘ಜೈಮಿನಿ ಭಾರತ’. ವಾರ್ಧಕ ಷಟ್ಪದಿ, ಪದ ಬಿಡಿಸುವಷ್ಟರಲ್ಲಿ ಅರ್ಧ ಗಂಟೆ ಮುಗಿದಿರುತ್ತಿತ್ತು. ‘ಇದು ಕಣ್ಣಲ್ಲಿ ಓದೋದಲ್ಲ ಕಣೇ, ಬಾಯಿಬಿಟ್ಟು ಓದು’ ಅಂತ ಸೋದರಮಾವ ಚಂದ್ರಹಾಸನ ಕಥೆಯನ್ನು ರಾಗವಾಗಿ ಓದಿ ತೋರಿಸಿದರು. ಆಮೇಲೆ ದಾರಿ ಸಿಕ್ಕಿತು, ಪೂರ್ತಿ ಮುಗಿದಿಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದ ಹದಿನಾರು ಸಾಲನ್ನೂ ಪಟ್ಟಿಗೆ ಸೇರಿಸಿದ್ದೇನೆ, ಕ್ರಿ.ಶ. 450ರ ಸುಮಾರಿನ ಕನ್ನಡ ಪಕ್ಕದ ತಾಲ್ಲೂಕಿನಲ್ಲೇ ಸಿಕ್ಕಿರುವಾಗ ಬಿಡುವುದು ಹೇಗೆ?

ಈ ಪಣದಲ್ಲೂ ಕೊರತೆಯಿದೆ. ನನ್ನ ಪಟ್ಟಿಯಲ್ಲಿದ್ದ ಲೇಖಕಿ ಒಬ್ಬರೇ, ಹಾಸನದ ವಕೀಲೆ ಬಾನು ಮುಷ್ತಾಕ್. ದೀಪಾ ಭಾಸ್ತಿ ಅನುವಾದಿಸಿದ ಅವರ ಹನ್ನೆರಡು ಕಥೆಗಳಿಗೆ 2025ರ ಅಂತರರಾಷ್ಟ್ರೀಯ ಬೂಕರ್ ಬಂದಾಗ ಊರೆಲ್ಲ ಅದೇ ಮಾತು. ಆ ಕಥೆಗಳ ಹೆಂಗಸರು ಹಾಸನದ ಬೀದಿಯಲ್ಲಿ ದಿನವೂ ನನ್ನ ಪಕ್ಕದಲ್ಲೇ ನಡೆದುಹೋಗುವವರು, ಅವರ ಮನೆಯೊಳಗಿನದು ಮಾತ್ರ ನನಗೆ ಗೊತ್ತಿರಲಿಲ್ಲ.

ಹೊಸದಾಗಿ ಶುರು ಮಾಡುವವರು ಅರ್ಧ ಗಂಟೆಯ ನಿಯಮ ಹಿಡಿಯಿರಿ, ಪುಸ್ತಕಗಳನ್ನು ನಿಮ್ಮ ಜಿಲ್ಲೆಯಿಂದ ಆರಿಸಿ. ನಮ್ಮ ಎರಡು ಜಿಲ್ಲೆಗಳ ಲೇಖಕಿಯರ ಹೆಸರು ಗೊತ್ತಿದ್ದವರು ದಯವಿಟ್ಟು ತಿಳಿಸಿ; ಮುಂದಿನ ಯುಗಾದಿಯವರೆಗೆ ಅವರನ್ನೇ ಓದುವವಳಿದ್ದೇನೆ.